ಸಿಕ್ಕಿದ್ದು ಒಂದೇ ಸಾಲು

ಬೆಳಿಗ್ಗೆ ನೋಡಿದರೆ ಸರ್ವರ್ ನಿಂತುಹೋಗಿತ್ತು. ಆದರೆ ಅದು ಓಡುತ್ತಿದೆಯಾ ಅಂತ ನೋಡಲು ನಾನು ಬರೆದಿದ್ದ ಶೆಲ್ ಸ್ಕ್ರಿಪ್ಟ್ ರಾತ್ರಿಯಿಡೀ 5 ನಿಮಿಷಕ್ಕೊಮ್ಮೆ ಲಾಗ್‌ನಲ್ಲಿ 'ಓಡುತ್ತಿದೆ' ಅಂತ ಬರೆದಿತ್ತು.

ಸ್ಕ್ರಿಪ್ಟ್ ಮಾಡುವುದನ್ನೇ ನಾನು ಕೈಯಾರೆ ಮಾಡಿ ನೋಡಿದೆ: ಓಡುತ್ತಿರುವ ಪ್ರೊಸೆಸ್‌ಗಳ (ಪ್ರೋಗ್ರಾಂಗಳ) ಪಟ್ಟಿ ಕೊಡುವ ಪಿಎಸ್ (ps) ಕೊಟ್ಟು, ಆ ಪಟ್ಟಿಯನ್ನು ಪದ ಹುಡುಕುವ ಗ್ರೆಪ್‌ಗೆ (grep) ಪೈಪ್ ಮಾಡಿದೆ. ಒಂದೇ ಒಂದು ಸಾಲು ಬಂತು. ಇನ್ನೊಮ್ಮೆ ಓದಿದೆ. ಅದು ಸರ್ವರ್ ಅಲ್ಲ, ಸರ್ವರ್ ಹೆಸರು ಹಿಡಿದು ಹುಡುಕುತ್ತಿದ್ದ ಗ್ರೆಪ್! ಅದಕ್ಕೆ ತನ್ನದೇ ಸಾಲು ಸಿಕ್ಕಿತ್ತು. ಏನೋ ಸಿಕ್ಕಿತಲ್ಲ, ಎಕ್ಸಿಟ್ ಕೋಡ್ 0, ಅಂದರೆ 'ಸಿಕ್ಕಿತು'. ಸ್ಕ್ರಿಪ್ಟ್‌ಗೆ ಅಷ್ಟು ಸಾಕು.

ಈಗ ಅದರ ಬದಲು ಪಿಗ್ರೆಪ್ (pgrep) ಹಾಕಿದ್ದೇನೆ. ಅದೂ ಹೆಸರು ಹಿಡಿದು ಪ್ರೊಸೆಸ್ ಹುಡುಕುತ್ತದೆ, ಆದರೆ ತನ್ನನ್ನು ತಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರೊಸೆಸ್‌ನ ನಂಬರ್ (ಪಿಐಡಿ) ಬರೆದಿಟ್ಟ ಫೈಲ್ ಇದ್ದರೆ ಕಿಲ್ ಮೈನಸ್ ಸೊನ್ನೆ (kill -0) ಕೂಡ ಆಗುತ್ತದೆ. ಹೆಸರು ಕೇಳಿ ಹೆದರಬೇಡಿ, ಅದು ಯಾವುದನ್ನೂ ಕೊಲ್ಲುವುದಿಲ್ಲ. ಸುಮ್ನೆ ಇದೆಯಾ ಅಂತ ನೋಡುತ್ತದೆ.

ಆದರೂ ಮಧ್ಯಾಹ್ನದಿಂದ ಒಂದು ವಿಷಯ ತಲೆಯಲ್ಲೇ ಇದೆ. ಪ್ರೊಸೆಸ್ ಇದೆ ಅಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಅಂತಲ್ಲ, ಅಲ್ವಾ? ಹ್ಯಾಂಗ್ ಆದ ಸರ್ವರ್‌ಗೂ ಪಿಐಡಿ ಇರುತ್ತದೆ. ಉಸಿರಾಡುತ್ತಿದೆಯಾ ಅಂತ ನೋಡುವುದೇ ಬೇರೆ, ಕರೆದರೆ ಓಗೊಡುತ್ತದಾ ಅಂತ ನೋಡುವುದೇ ಬೇರೆ. ನಾನು ಇಷ್ಟು ದಿನ ಮೊದಲನೆಯದನ್ನು ಮಾತ್ರ ಕೇಳುತ್ತಿದ್ದೆ.

ಇವತ್ತು ಮಲಗುವ ಮುಂಚೆ ಸರ್ವರ್‌ಗೆ ವಿನಂತಿ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಒಂದು ಕರ್ಲ್ (curl) ಸಾಲನ್ನೂ ಸೇರಿಸುತ್ತೇನೆ, 5 ಸೆಕೆಂಡ್ ಟೈಮ್‌ಔಟ್ ಇಟ್ಟು.