ಉಗುರೇ ಹಣಿಗೆಯಾದ ನಿಶಿಜಿನ್ ಮಗ್ಗ

ಕ್ಯೋಟೋಗೆ ಬರುವ ನಮ್ಮವರು ಬಂಗಾರದ ಗುಡಿ ನೋಡ್ತಾರೆ, ಬಾಡಿಗೆ ಕಿಮೋನೊ ಉಟ್ಟು ಫೋಟೋ ತೆಗೆಸಿಕೊಳ್ತಾರೆ. ಅಲ್ಲಿಂದ ಸೀದಾ ಟೋಕಿಯೋ ರೈಲು. ಆದರೆ ಕಿಮೋನೊ ಮೇಲೆ ಸೊಂಟಕ್ಕೆ ಸುತ್ತುವ ಅಗಲ ಪಟ್ಟಿ ಇದೆಯಲ್ಲ, ಒಬಿ, ಅದನ್ನು ನೇಯುವ ಕೇರಿ ಇದೇ ಊರಿನಲ್ಲಿದೆ. ಹೆಸರು ನಿಶಿಜಿನ್. ಇಮಾದೆಗಾವಾ ಮೆಟ್ರೋ ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಅವರ ನೇಯ್ಗೆ ಕೇಂದ್ರ ಸಿಗುತ್ತದೆ. ದಯವಿಟ್ಟು ಹೋಗಿ.

ನಾನು ಜಾಸ್ತಿ ಹೊತ್ತು ನಿಂತಿದ್ದು ತ್ಸುಝುರೆ ಎಂಬ ಚಿತ್ತಾರದ ಬಟ್ಟೆ ನೇಯುವ ಮಗ್ಗದ ಮುಂದೆ. ನೇಯುವವರು ಉಗುರಿನ ತುದಿಯನ್ನು ಗರಗಸದ ಹಲ್ಲಿನ ಹಾಗೆ ಅರದಿಂದ ಉಜ್ಜಿಕೊಂಡಿರುತ್ತಾರೆ. ಹೊಕ್ಕಿನ ನೂಲು, ಅಂದರೆ ಅಡ್ಡ ನೂಲು, ಈ ಅಂಚಿನಿಂದ ಆ ಅಂಚಿಗೆ ಹೋಗುವುದಿಲ್ಲ, ಎಲೆ ಇರುವಲ್ಲಿ ಹಸಿರು, ಹೂವಿರುವಲ್ಲಿ ಕೆಂಪು, ಹೀಗೆ ಆ ಬಣ್ಣ ಬೇಕಾದ ಜಾಗದಲ್ಲಷ್ಟೇ ಪುಟ್ಟ ಲಾಳಿ ಹಾಯಿಸಿ, ಉಗುರಿನ ಹಲ್ಲಿನಿಂದ ಅದನ್ನು ಎಳೆದೆಳೆದು ಕೂರಿಸುತ್ತಾರೆ. ಅವರ ಕಣ್ಣಿಗೆ ಕಾಣುವುದು ಬಟ್ಟೆಯ ಹಿಂಬದಿ! ಮುಂಬದಿ ಕೆಳಗಿರುತ್ತದೆ, ಅದನ್ನು ಕನ್ನಡಿ ಹಿಡಿದು ನೋಡಿಕೊಳ್ಳಬೇಕು. ಚಿತ್ತಾರ ತುಂಬಾ ಕುಸುರಿಯದಾದರೆ ಇಡೀ ದಿನಕ್ಕೆ ಒಂದು ಸೆಂಟಿಮೀಟರ್ ಸಾಗುವುದೂ ಉಂಟು.

ಚಿನ್ನದ ಕೆಲಸವೂ ಅಷ್ಟೇ ಸೂಕ್ಷ್ಮ. ಕಾಗದಕ್ಕೆ ಅರಗು ಬಳಿದು ಚಿನ್ನದ ರೇಕು ಅಂಟಿಸಿ, ಅದನ್ನು ಎಳೆಎಳೆಯಾಗಿ ಕತ್ತರಿಸಿ, ಕತ್ತರಿಸಿದ ಸಾಲು ತಪ್ಪದಂತೆ ಒಂದೊಂದೇ ಎಳೆಯನ್ನು ಹಾಸಿನ, ಅಂದರೆ ಉದ್ದ ನೂಲುಗಳ, ನಡುವೆ ಎಳೆಯುತ್ತಾರೆ. ಒಂದು ಎಳೆ ಮಗುಚಿದರೂ ಅಲ್ಲಿ ಹೊಳಪಿನ ಬದಲು ಕಾಗದ ಕಾಣುತ್ತದೆ.

ಈ ಕೇರಿಗೆ ಕಷ್ಟ ಹೊಸದಲ್ಲ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಕ್ಯೋಟೋ ಸುಟ್ಟು ಹೋಯಿತು, ನೇಕಾರರು ಚದುರಿದರು, ಆಮೇಲೆ ವಾಪಸ್ ಬಂದು ಆ ಯುದ್ಧದ ಎರಡು ಬಣಗಳಲ್ಲಿ ಒಂದಾದ ಪಶ್ಚಿಮದ ಸೈನ್ಯ ಬೀಡುಬಿಟ್ಟಿದ್ದ ಜಾಗದಲ್ಲೇ ಮಗ್ಗ ಹೂಡಿದರು. 1869ರಲ್ಲಿ ಚಕ್ರವರ್ತಿಯೇ ಟೋಕಿಯೋಗೆ ಹೋದಾಗ ದೊಡ್ಡ ಗಿರಾಕಿಗಳೂ ಹೋದರು. ಆಗ ಇವರು ಕೈಕಟ್ಟಿ ಕೂರಲಿಲ್ಲ. 1872ರಲ್ಲಿ ಮೂವರನ್ನು ಫ್ರಾನ್ಸಿನ ಲಿಯೋನ್‌ಗೆ ಕಳಿಸಿ, ತೂತಿನ ಅಟ್ಟೆಗಳಿಂದ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗ ತರಿಸಿಕೊಂಡರು. ಅವರಲ್ಲಿ ಯೋಶಿದಾ ಚೂಶಿಚಿ ಎಂಬುವರು ವಾಪಸ್ ಬರುವಾಗ ಹಡಗು ಮುಳುಗಿ ತೀರಿಕೊಂಡರು. ಮಗ್ಗದ ಕಲಿಕೆಗಾಗಿ ಹೋದ ಜೀವ ಅದು, ಅವರ ಹೆಸರು ಇಲ್ಲಿ ಬರೆಯಲೇಬೇಕು ಅನ್ನಿಸಿತು.

ನಮಗೂ ಜಪಾನಿಗೂ ರೇಷ್ಮೆಯ ನಂಟು ಹಳೆಯದು. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಶುರು ಮಾಡಿದಾಗ ಕಲಿಸಲು ಕರೆಸಿದ್ದು ಜಪಾನಿನವರನ್ನೇ. 1990ರ ದಶಕದಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಹುಳುವಿನ ಕೆಲಸಕ್ಕೂ ಅವರ ನೆರವಿತ್ತು. ಆದರೆ ಈಗ ಜಪಾನಿನಲ್ಲೇ ಹುಳು ಸಾಕುವ ರೈತರು ಬೆರಳೆಣಿಕೆಯಷ್ಟು. ಬಹುಪಾಲು ರೇಷ್ಮೆ ಹೊರದೇಶದಿಂದಲೇ ಬರುತ್ತದೆ.

ನನಗೆ ಹೆಚ್ಚು ಚಿಂತೆ ಹಚ್ಚಿದ್ದು ಇನ್ನೊಂದು. ನಿಶಿಜಿನ್‌ನಲ್ಲಿ ಚಿತ್ತಾರ ಬರೆಯುವವರು ಬೇರೆ, ನೂಲಿಗೆ ಬಣ್ಣ ಹಾಕುವವರು ಬೇರೆ, ಹಾಸು ಹೂಡುವವರು ಬೇರೆ, ಲಾಳಿ ಮಾಡುವವರು ಬೇರೆ. ಒಂದು ಮನೆಯ ಕೆಲಸ ನಿಂತರೆ ಉಳಿದವರಿಗೂ ಪೆಟ್ಟು. ಅದಕ್ಕೇ ಹೇಳ್ತೀನಿ, ಒಬಿ ಕೊಳ್ಳುವಷ್ಟು ದುಡ್ಡು ಎಲ್ಲರ ಹತ್ತಿರ ಇರಲ್ಲ, ಸರಿ, ಆದರೆ ಅದೇ ನೇಯ್ಗೆಯ ಟೈ, ಪರ್ಸು ಸಿಗುತ್ತವೆ. ಪ್ರವಾಸಿ ಬೀದಿಯ ಪಾಲಿಯೆಸ್ಟರ್ ಬಿಟ್ಟು ಅದನ್ನು ಕೊಳ್ಳಿ.