ಫಿಫ್ತ್ ವೀಲ್‌ಗೆ ಟ್ರಕ್ ಹುಡುಕಾಟ: ಮೂರನೇ ವಾರ

ಈ ಶನಿವಾರವೂ ಟೆಕ್ಸಾಸ್ ಬಿಸಿಲಲ್ಲಿ ಹಳೇ ಟ್ರಕ್‌ಗಳ ನಡುವೆಯೇ ಕಳೆಯಿತು. ಫಿಫ್ತ್ ವೀಲ್, ಅಂದರೆ ಪಿಕಪ್ ಟ್ರಕ್ಕಿಗೆ ಕೊಂಡಿ ಹಾಕಿ ಎಳೆಯುವ ಮನೆಯಂಥ ಟ್ರೇಲರ್, ಯಾವುದು ಅಂತ ಗೊತ್ತಾಗಿದೆ: 36 ಅಡಿ ಉದ್ದ, ಸಾಮಾನು ತುಂಬಿದರೆ ಗರಿಷ್ಠ 14,000 ಪೌಂಡ್. ಅದನ್ನು ಎಳೆಯೋದಕ್ಕೇ ಗಾಡಿ ಸಿಗುತ್ತಿಲ್ಲ.

ಡೀಲರ್ ಒಬ್ಬ ಮುಕ್ಕಾಲು ಟನ್ನಿನ ಡೀಸೆಲ್ ತೋರಿಸಿದ. ಎಫ್-250, ರಾಮ್ 2500 ಪಿಕಪ್‌ಗಳೆಲ್ಲ ಬರುವ ವರ್ಗ; ಟನ್ ಅನ್ನೋದು ವರ್ಗದ ಹೆಸರಷ್ಟೇ, ಹೊರುವ ತೂಕ ಅಲ್ಲ. 18,000 ಪೌಂಡ್ ಆರಾಮಾಗಿ ಎಳೆಯುತ್ತೆ ಅಂದ. ನಾನು ಸುಮ್ನೆ ಡ್ರೈವರ್ ಬಾಗಿಲು ತೆಗೆದೆ. ಬಾಗಿಲ ಕಂಬದ ಮೇಲೆ ಅರ್ಧ ಬಿಸಿಲಿಗೆ ಮಾಸಿದ ಹಳದಿ ಚೀಟಿ. ಜನ, ಸಾಮಾನು ಎಲ್ಲ ಸೇರಿ 2,150 ಪೌಂಡ್ ಮೀರಬಾರದು!

ಎಳೆಯೋದು ಬೇರೆ, ಹೊರೋದು ಬೇರೆ. ಗಾಡಿಗೆ ಹುಲ್ಲು ಹೇರುವಾಗ ಅಜ್ಜ ಬೈಯುತ್ತಿದ್ದದ್ದೂ ಇದಕ್ಕೇ. ಮುಂದಕ್ಕೆ ಜಾಸ್ತಿ ಹೇರಿದರೆ ನೊಗ ಎತ್ತಿನ ಕತ್ತನ್ನು ಒತ್ತುತ್ತೆ. ಫಿಫ್ತ್ ವೀಲ್‌ನ ಕೊಂಡಿ ಬಂಪರ್ ಹಿಂದೆ ಇರಲ್ಲ, ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್ ಹತ್ತಿರ ಕೂರುತ್ತೆ. ಟ್ರೇಲರ್ ತೂಕದ ಸುಮಾರು ಐದನೇ ಒಂದು ಭಾಗ ಅಲ್ಲೇ ಬೀಳುತ್ತೆ. ನಮ್ಮದಕ್ಕೆ 2,800 ಪೌಂಡ್. ಕೊಂಡಿಯದೇ 180. ನಾವು ನಾಲ್ಕು ಜನ 520. ಟೂಲ್ಸ್, ಜಾಕ್ ಅಂತ ಇನ್ನೊಂದು 200. ಒಟ್ಟು 3,700. ಡೀಸೆಲ್ ಎಂಜಿನ್ನೇ ಭಾರ, ಅದರ ಮೇಲೆ ಈ ಟ್ರಕ್‌ಗೆ ಸ್ವಂತ ತೂಕ, ಹೊರೆ ಎಲ್ಲ ಸೇರಿ 10,000 ಪೌಂಡ್ ಮಿತಿ. ಹೊರೋಕೆ ಉಳಿಯೋದಾದರೂ ಏನು?

ಅದಕ್ಕಿಂತ ಮೇಲಿನ ವರ್ಗದ, ಒಂದು ಟನ್ನಿನ ಒಂಟಿ ಚಕ್ರದ್ದನ್ನೂ (ಹಿಂದೆ ಒಂದೊಂದು ಬದಿಗೆ ಒಂದೇ ಚಕ್ರ) ನೋಡಿದೆ. ಅದರ ಮಿತಿ 11,900, ಸ್ವಂತ ತೂಕ 8,040. ಉಳಿದದ್ದು 3,860. ಬರೀ 160 ಪೌಂಡ್ ಜಾಗ! ಟ್ರೇಲರ್ ಮುಂಭಾಗದ ಕಪಾಟಿಗೆ ಇವಳು ಒಂದಷ್ಟು ಪಾತ್ರೆ ಪಗಡ ತುಂಬಿದರೆ ಕಥೆ ಮುಗೀತು.

ಹಾಗಾಗಿ ಡ್ಯುಯಲಿ, ಅಂದರೆ ಹಿಂದೆ ಒಂದೊಂದು ಬದಿಗೆ ಎರಡೆರಡು ಚಕ್ರದ್ದು. ಹೊರೋ ಚಿಂತೆ ಇಲ್ಲ. ಆದರೆ ಹಿಂಭಾಗ ಎಂಟು ಅಡಿ ಅಗಲ. ಅಂಗಳದಲ್ಲಿ ಟೇಪ್ ಹಿಡಿದು ಅಳೆದೆವು. ಮಗಳ ಸೈಕಲ್ಲಿಗೆ ಜಾಗ ಇಲ್ಲ.

ಇನ್ನೊಂದು ತೊಡಕು ರಾತ್ರಿ ಗೊತ್ತಾಯಿತು. ಈ ಡ್ಯುಯಲಿಯ ಮಿತಿ 14,000, ಟ್ರೇಲರ್‌ದೂ 14,000. ಎರಡರ ಮಿತಿ ಸೇರಿ 26,000 ದಾಟಿದರೆ ಟೆಕ್ಸಾಸ್‌ನಲ್ಲಿ ಸ್ವಂತ ಬಳಕೆಗೂ ಕ್ಲಾಸ್ ಎ, ಅಂದರೆ ಭಾರಿ ಗಾಡಿಯ ಲೈಸೆನ್ಸ್ ಬೇಕು. ನಲವತ್ತೆಂಟರಲ್ಲಿ ಮತ್ತೆ ಡ್ರೈವಿಂಗ್ ಟೆಸ್ಟ್! ಕೈಪಿಡಿ ಇಳಿಸಿಕೊಂಡಿದ್ದೇನೆ. ಮುಂದಿನ ವಾರ ಡ್ಯುಯಲಿ ಓಡಿಸಿ ನೋಡುತ್ತೇನೆ, ವೇಬ್ರಿಡ್ಜ್‌ಗೂ ಹತ್ತಿಸಿ ತೂಕ ನೋಡಬೇಕು.