ಹಿಟ್ ಹಾಡು ಮೊದಲೇ ಮುಗಿದರೆ?

ರಾಕ್ ಬ್ಯಾಂಡ್‌ಗಳು ಹಳೇ ಆಲ್ಬಂ ಒಂದನ್ನು ಮೊದಲಿಂದ ಕೊನೆಯವರೆಗೆ ವೇದಿಕೆ ಮೇಲೆ ನುಡಿಸುವುದು ನನಗೆ ತುಂಬಾ ಇಷ್ಟ. ಆದರೆ ಇದರಲ್ಲೊಂದು ತೊಡಕಿದೆ. ಆಲ್ಬಂನಲ್ಲಿ ಗಟ್ಟಿ ಹಾಡುಗಳು ಸಾಮಾನ್ಯವಾಗಿ ಮುಂದಿರುತ್ತವೆ. ಕಾರ್ಯಕ್ರಮದಲ್ಲಾದರೆ ಅವನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಯೂಟೂ ಬ್ಯಾಂಡಿನ 'ದ ಜೋಶುವಾ ಟ್ರೀ' ನೋಡಿ, 1987ರದ್ದು. ಎಲ್ಲರ ಬಾಯಲ್ಲಿರುವ ಮೂರು ಹಾಡೂ ಸಾಲಾಗಿ ಶುರುವಿನಲ್ಲೇ ಬಂದುಹೋಗುತ್ತವೆ. ಆಮೇಲೆ ಜನರನ್ನು ಹಿಡಿದಿಡೋದು ಹೇಗೆ?

ಮೆಟಾಲಿಕಾದವರು ಜಾಣರು. 2012ರಲ್ಲಿ ತಮ್ಮ ಬ್ಲ್ಯಾಕ್ ಆಲ್ಬಂ ಅನ್ನು ಕೊನೇ ಹಾಡಿನಿಂದ ಹಿಂದಕ್ಕೆ ನುಡಿಸುತ್ತಾ ಬಂದರು. ಆಲ್ಬಂನ ಮೊದಲ ಹಾಡು, ದೊಡ್ಡ ಹಿಟ್ 'ಎಂಟರ್ ಸ್ಯಾಂಡ್‌ಮನ್' ಹೀಗೆ ಕೊನೆಗೆ ಸಿಕ್ಕಿತು. ಕೆಲವರಿಗೆ ಇದು ಮೋಸ ಅನ್ನಿಸಬಹುದು. ನನಗಂತೂ ಸರಿ ಅನ್ನಿಸುತ್ತದೆ.

ನಿಜಕ್ಕೂ ಮಜಾ ಇರೋದು ಮೂಲೆಗೆ ಬಿದ್ದ ಹಾಡುಗಳಲ್ಲಿ. ಜೋಶುವಾ ಟ್ರೀಯಲ್ಲೇ 'ರೆಡ್ ಹಿಲ್ ಮೈನಿಂಗ್ ಟೌನ್' ಅಂತ ಒಂದಿದೆ. ಗಣಿ ಕಾರ್ಮಿಕರ ಮುಷ್ಕರದ ಹಿನ್ನೆಲೆಯ ಹಾಡು. ಅದನ್ನು ಯೂಟೂ 30 ವರ್ಷ ಒಮ್ಮೆಯೂ ಲೈವ್ ಆಗಿ ಹಾಡಿರಲಿಲ್ಲ. 2017ರಲ್ಲಿ ಇಡೀ ಆಲ್ಬಂ ನುಡಿಸುತ್ತೇವೆ ಅಂದಮೇಲೆ ತಪ್ಪಿಸಿಕೊಳ್ಳೋಕಾಗುತ್ತಾ? ಹಾಡಲೇಬೇಕಾಯಿತು. ಹಿಂದಿನ ದೊಡ್ಡ ಪರದೆ ಮೇಲೆ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆಯ ತುತ್ತೂರಿ ತಂಡ, ಮುಂದೆ ನಿಧಾನವಾಗಿ ಹಾಡುವ ಯೂಟೂ ಗಾಯಕ ಬೋನೋ. ಮೂಲದ್ದಕ್ಕಿಂತ ಇದೇ ಚೆಂದ ಅಂತ ನನ್ನ ವಾದ. (ಜಗಳಕ್ಕೆ ಬರುವವರು ಬನ್ನಿ.)

ಪಿಂಕ್ ಫ್ಲಾಯ್ಡ್ ಮಾತ್ರ ಪೂರ್ತಿ ಉಲ್ಟಾ. ಆ ಬ್ಯಾಂಡಿನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂ ಅಂಗಡಿಗೆ ಬಂದಿದ್ದು 1973ರಲ್ಲಿ. ಅವರು 1972ರಲ್ಲೇ ಅದನ್ನು ಊರೂರಲ್ಲಿ ನುಡಿಸುತ್ತಿದ್ದರು. ಮುಂದಿನ ಹಾಡು ಯಾವುದು ಅಂತಲೇ ಗೊತ್ತಿಲ್ಲದೆ ಕೂತು ಕೇಳಿದ ಆ ಜನರನ್ನು ಕಂಡರೆ ನನಗೆ ಸುಮ್ನೆ ಹೊಟ್ಟೆಕಿಚ್ಚು.